ಕೆಂಪು ಚೀಲದ ಹೆಂಗಸು

ಇನ್ನೂ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ ಗೂಬಕ್ಕ ಕಿಟಕಿಗೆ ದಪ್ಪ ಪರದೆ ಎಳೆದು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಎದ್ದವರು ಮುಖ ತೊಳೆದಿದ್ದಾರೆ, ಅಷ್ಟೆ. ಹೊರಗೆ ಇಣುಕಿಲ್ಲ, ಕಪಾಟು ತೆರೆದಿಲ್ಲ, ಹಸಿರು ಮುಚ್ಚಳದ ಟೀ ಡಬ್ಬಿಯ ತಂಟೆಗೂ ಹೋಗಿಲ್ಲ. ಬಣ್ಣ ಕಂಡ ಕಣ್ಣು ಕಪ್ಪು ಬಿಳುಪಿನ ಕೆಲಸಕ್ಕೆ ಒಗ್ಗದು ಎಂಬುದು ಅವರ ನಂಬಿಕೆ. ಗೋಡೆ ಬೂದು, ಮೇಜು ಬೂದು, ಮೈಮೇಲಿನ ಅಂಗಿಯೂ ಬೂದು. ಬಣ್ಣದ ಅಂಗಿ ತೊಟ್ಟರೆ ಅದರ ಛಾಯೆ ಸ್ಕ್ರೀನಿನ ಮೇಲೆ ಬೀಳುತ್ತದಂತೆ. ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುವ ಚೀಲಕ್ಕೂ ಹಳೆಯ ಟವೆಲಿನ ಮುಸುಕು.

"ಈಗಷ್ಟೇ ಎದ್ದ ಕಣ್ಣು ಹಸುಗೂಸಿನ ಕಣ್ಣಿದ್ದಂಗೆ," ಎನ್ನುತ್ತಾರೆ. "ಸುಳ್ಳು ಹೇಳೋಕೆ ಬರಲ್ಲ ಅದಕ್ಕೆ. ಬಿಸಿಲೇರಿದ ಮೇಲೆ ನಾನು ಫೋಟೊದೊಳಗಿನ ಧೂಳಿನ ಚುಕ್ಕೆ ಒರೆಸ್ಕೊಂಡು ಕೂತಿರ್ತೀನಿ, ದೊಡ್ಡ ಕೆಲಸ ಮುಟ್ಟಲ್ಲ."

ದೊಡ್ಡ ಕೆಲಸವೆಂದರೆ ಬೀದಿಯಲ್ಲಿ ಯಾರಿಗೂ ತಿಳಿಯದಂತೆ ತೆಗೆದ ಫೋಟೊಗಳನ್ನು ಬಣ್ಣದಿಂದ ಕಪ್ಪು ಬಿಳುಪಿಗೆ ತರುವುದು. ಈಗ ಎದುರಿಗಿರುವುದು ಏಣಿ ಹೊತ್ತು ಓಡುತ್ತಿರುವ ಬಣ್ಣ ಬಳಿಯುವವನ ಚಿತ್ರ. ಅವನ ನೀಲಿ ಅಂಗಿ, ಹಿಂದಿನ ಇಟ್ಟಿಗೆ ಗೋಡೆ ಬಣ್ಣದಲ್ಲಿ ಬೇರೆಬೇರೆ. ಬಣ್ಣ ತೆಗೆದ ಕೂಡಲೇ ಎರಡೂ ಒಂದೇ ಬೂದಾಗಿ, ಮನುಷ್ಯ ಗೋಡೆಯೊಳಗೆ ಇಂಗಿಹೋಗಿದ್ದಾನೆ. ಗೂಬಕ್ಕ ಗೋಡೆಯನ್ನು ಕೂದಲೆಳೆಯಷ್ಟು ತಿಳಿಯಾಗಿಸುತ್ತಾರೆ, ಭುಜದ ಅಂಚನ್ನು ತುಸು ಕಪ್ಪಾಗಿಸುತ್ತಾರೆ. "ಬಾರಪ್ಪ ಆಚೆ, ಎಷ್ಟೊತ್ತು ಗೋಡೆಗೆ ಆತ್ಕೊಂಡಿರ್ತೀಯಾ?" ಎಂದು ಅವನನ್ನು ಗದರುತ್ತಾರೆ. ಪತ್ರಿಕೆಗೆ ಬರೆಯಲು ಬಂದವರು ಯಾರೂ ಎದುರಿಗಿಲ್ಲದ ದಿನ ಅವರ ಬಾಯಿಂದ ಬರುವ ಮೊದಲ ಮಾತು ಇಂಥದೇ. ಕೊನೆಯದೂ ಅದೇ ಆದರೆ ಆಶ್ಚರ್ಯವಿಲ್ಲ.

"ಮೂರು ದಿನ ಯಾರ ಹತ್ರಾನೂ ಮಾತಾಡದೆ ಹೋಗೋದುಂಟು. ನಾಲ್ಕನೇ ದಿನ ಅಂಗಡೀಲಿ ಬ್ರೆಡ್ ಕೊಡಿ ಅಂದ್ರೆ, ಗಂಟ್ಲು ತುಕ್ಕು ಹಿಡಿದ ಬಾಗಿಲ ಹಂಗೆ ಕಿರ್ ಅನ್ನುತ್ತೆ."

ಗೂಬೆ ಎಂಬ ಹೆಸರಿಟ್ಟವರು ಹಳೆಯ ಸ್ಟುಡಿಯೊದ ಯಜಮಾನರು. ಹತ್ತೊಂಬತ್ತರ ಹುಡುಗಿ ಅಲ್ಲಿನ ಕತ್ತಲಕೋಣೆಗೆ ಸೇರಿದ್ದು ತಾಯಿ ತೀರಿಕೊಂಡ ವರ್ಷ. ಕೆಂಪು ದೀಪದ ಮಂಕಿನಲ್ಲಿ, ಕಾಗದದ ಮೇಲೆ ಬೀಳುವ ಬೆಳಕಿಗೆ ಅಂಗೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ಬೇಕಾದಷ್ಟೇ ಸೋಸಿ ಬಿಡುವುದನ್ನು ಕಲಿತರು. ರಾಸಾಯನಿಕದ ನೀರಿಗೆ ಉಗುರು ಹಳದಿಗಟ್ಟಿತು. ಮುಂಬಾಗಿಲಿಂದ ಬಂದ ಗಿರಾಕಿಗಳು ಫೋಟೊ ಹೊಗಳಿ ಹೋಗುತ್ತಿದ್ದರು. ಒಳಗೊಬ್ಬಳಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ. ಫಿಲ್ಮಿನ ಕಾಲ ಮುಗಿದು ಸ್ಟುಡಿಯೊ ಮುಚ್ಚಿದಾಗ, ಯಜಮಾನರು ಇವರ ಫೋನ್ ನಂಬರನ್ನು ಬೀದಿ ಚಿತ್ರಗಳಿಗೆ ಹೆಸರಾದ ಒಬ್ಬ ಛಾಯಾಗ್ರಾಹಕರಿಗೆ ಕೊಟ್ಟರು. ಅಂದಿನಿಂದ ಅವರ ಚಿತ್ರಗಳೆಲ್ಲ ಹಾದುಹೋಗುವುದು ಈ ಬೂದು ಕೋಣೆಯ ಮೂಲಕವೇ. ಸುಲಭದವು ದಿನಕ್ಕೆ ಮೂರೋ ನಾಲ್ಕೋ ಮುಗಿಯುತ್ತವೆ. ಹಟಮಾರಿ ಚಿತ್ರವಾದರೆ ವಾರ ತಿನ್ನುತ್ತದೆ.

ಇಷ್ಟು ವರ್ಷವಾದರೂ ಇಬ್ಬರೂ ಒಬ್ಬರನ್ನೊಬ್ಬರು ಕಂಡಿಲ್ಲ. ಅವರಿಗೆ ಇವರು ಫೋನಿನ 'ಮೇಡಂ', ಇವರಿಗೆ ಅವರು 'ಸರ್'. ಅವರ ಫೋಟೊ ಪುಸ್ತಕಗಳಲ್ಲಿ ನಿಮ್ಮ ಹೆಸರಿಲ್ಲವಲ್ಲ ಎಂದರೆ ಗೂಬಕ್ಕ ನಗುತ್ತಾರೆ. "ಬಡಿಸಿದ ತಟ್ಟೆ ಮೇಲೆ ಪಾತ್ರೆ ತೊಳೆದೋರ ಹೆಸರು ಬರೀತಾರಾ?"

ಕೋಣೆಗೆ ಬರುವ ಏಕೈಕ ಅತಿಥಿ ಅಕ್ಕ. ಊರಿನ ಇನ್ನೊಂದು ತುದಿಯಲ್ಲಿ ಅವರ ಹೊಲಿಗೆ ಅಂಗಡಿ, ಗಂಡ, ಮಕ್ಕಳು. ಭಾನುವಾರ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬರುತ್ತಾರೆ. "ಇಲ್ಲಿ ಕೂತ್ರೆ ಒಲೆ ಬೂದಿಯೊಳಗೆ ಕೂತಂಗಾಗುತ್ತೆ ಕಣೇ" ಎಂದು ಪ್ರತಿ ವಾರವೂ ಬೈಯುತ್ತಾರೆ. ಒಮ್ಮೆ ಬೆಂಕಿಯಂಥ ಕೆಂಪು ಬಟ್ಟೆಯಲ್ಲಿ ಒಂದು ಚೀಲ ಹೊಲಿದು ತಂದರು. "ನೀನು ರಸ್ತೆ ದಾಟಿದ್ರೆ ಯಾವ ಡ್ರೈವರಿಗೂ ಕಾಣಲ್ಲ, ಟಾರಿನ ಬಣ್ಣದ ಬಟ್ಟೆ ನಿಂದು. ಇದಾದ್ರೂ ಕಾಣ್ಲಿ." ಮೊಳೆಯಲ್ಲಿ ಮುಸುಕು ಹೊದ್ದು ತೂಗುವುದು ಆ ಚೀಲವೇ.

ಕಳೆದ ಚಳಿಗಾಲದಲ್ಲಿ ಛಾಯಾಗ್ರಾಹಕರು ಕಳಿಸಿದ ಕಟ್ಟಿನಲ್ಲಿ ಒಂದು ಮಾರುಕಟ್ಟೆಯ ಚಿತ್ರವಿತ್ತು. ಗಾಳಿಗೆ ಹಾರಿದ ಟೊಪ್ಪಿಗೆ ಹಿಡಿಯಲು ಜಿಗಿದ ಒಬ್ಬ ಹುಡುಗಿ, ಮುಖದ ತುಂಬ ನಗು. ಜೊತೆಗೆ ಫೋನಿನಲ್ಲಿ ಸೂಚನೆ: "ಬಲಗಡೆ ಮೂಲೇಲಿ ಕೆಂಪು ಚೀಲದ ಹೆಂಗಸೊಬ್ಬರು ಸೇರ್ಕೊಂಡ್ಬಿಟ್ಟಿದ್ದಾರೆ ಮೇಡಂ. ಕಣ್ಣೆಲ್ಲ ಅಲ್ಲಿಗೇ ಹೋಗುತ್ತೆ. ಅಳಿಸಿಬಿಡಿ."

ಗೂಬಕ್ಕ ಮೊದಲು ಗುರುತು ಹಿಡಿದದ್ದು ಚೀಲವನ್ನು. ಆಮೇಲೆ, ಅಂಗಡಿಯ ಮಾಡಿನ ನೆರಳಲ್ಲಿ, ತಮ್ಮನ್ನು.

"ಕನ್ನಡಿ ಮುಂದೆ ಮುಖ ಸರಿ ಮಾಡ್ಕೊಂಡೇ ನಿಲ್ತೀವಲ್ವಾ? ಇದು ಹಂಗಿರ್ಲಿಲ್ಲ," ಎನ್ನುವಾಗ ಅವರ ದನಿ ತಗ್ಗುತ್ತದೆ. "ಆ ಹುಡುಗೀನೇ ನೋಡ್ತಾ ನಿಂತಿದ್ದೀನಿ. ತುಟಿ ಸ್ವಲ್ಪ ಬಿರಿದಿದೆ. ನಗೋಕೆ ಹೊರಟಿದ್ದೆ ಅನ್ಸುತ್ತೆ. ಪಕ್ಕದಲ್ಲಿ ಯಾರೂ ಇಲ್ಲ ಅಂತ ನೆನಪಾಗಿ ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದೀನಿ."

ಕತ್ತಲಕೋಣೆ ಸೇರಿದ ಮೇಲೆ ಅವರ ಫೋಟೊವನ್ನು ಯಾರೂ ತೆಗೆದಿರಲಿಲ್ಲ. ಗುರುತಿನ ಚೀಟಿಯದು ಬಿಟ್ಟರೆ ಇದೊಂದೇ. ಇದನ್ನು ಅಳಿಸಬೇಕಾದ ಕೈಯೂ ಅವರದೇ.

ಭಾನುವಾರ ಅಕ್ಕ ಕುಣಿದಾಡಿದರು. "ನನ್ನ ಚೀಲ ಕಣ್ಣು ಎಳೆಯುತ್ತಂತಾ? ಎಳೀಲಿ! ಹೊಲಿದಿದ್ದೇ ಅದಕ್ಕೆ. ಆ ಹೆಂಗಸು ನೀನೇ ಅಂತ ಅವರಿಗೆ ಹೇಳೇ!"

"ಹೇಳಿದ್ರೆ ಪಾಪ, ಸಂಕೋಚಕ್ಕೆ ಇಟ್ಕೋತಾರೆ. ಸಂಕೋಚಕ್ಕೆ ಉಳಿಯೋದು ಬೇಡ."

"ದೀಪದ ಬುಡ ಕತ್ತಲು ಅಂತಾರಲ್ಲ, ನೀನೇ ನೋಡು ಅದು."

ಆದರೂ ಮರುದಿನ ಗೂಬಕ್ಕ ಫೋನ್ ಹಚ್ಚಿದರು. "ಸರ್, ಆ ಮೂಲೆಯೋರು ಇರ್ಲಿ ಅನ್ಸುತ್ತೆ."

"ಏನ್ ಮೇಡಂ, ಯಾವತ್ತೂ ಎದುರು ಮಾತಾಡದೋರು! ಯಾಕೆ?"

"ಅಷ್ಟು ಚೆಂದ ನಗ್ತಿದ್ದಾಳೆ. ನೋಡೋಕೆ ಒಬ್ಬರಾದ್ರೂ ಬೇಡ್ವಾ ಸರ್?"

"ಸರಿ, ಅಳಿಸ್ಬೇಡಿ. ಕತ್ತಲಲ್ಲಿ ಮುಳುಗಿಸಿ. ಆ ಚೀಲ ಮಾತ್ರ ಕಣ್ಣಿಗೆ ಹೊಡೀಬಾರ್ದು."

ಹೇಳಿದಷ್ಟು ಸಲೀಸಿರಲಿಲ್ಲ. ಚಿತ್ರದ ಕೆಂಪನ್ನು ಕಪ್ಪಿಗೆ ಇಳಿಸಿದರೆ ಚೀಲವೇನೋ ಮುಳುಗುತ್ತದೆ. ಆದರೆ ಮನುಷ್ಯರ ಚರ್ಮದಲ್ಲೂ ಕೆಂಪಿದೆಯಲ್ಲ, ಚೀಲದ ಜೊತೆ ಮುಖಗಳೂ ಮುಳುಗಿದವು. ಹುಡುಗಿಯ ನಗುವಿಗೆ ಮಸಿ ಬಳಿದಂತಾಯಿತು. ಎಲ್ಲವನ್ನೂ ಬೆರಳಗಲದ ತುಂಡುಗಳಲ್ಲಿ ಕೈಯಿಂದಲೇ ಮಾಡಬೇಕಾಯಿತು. ಒಂದು ಸಂಜೆ ಆಸೆ ತಡೆಯದೆ ತಮ್ಮ ಮುಖಕ್ಕೆ ತುಸು ಹೆಚ್ಚೇ ಬೆಳಕು ಕೊಟ್ಟು ಮಲಗಿದರು. ಬೆಳಗಿನ ಕಣ್ಣು ನೋಡಿದರೆ, ಹುಡುಗಿಯ ನಗು ಮಂಕಾಗಿದೆ. ಮೂಲೆಯ ಹೆಂಗಸು ಕರೆಯದೆ ಬಂದ ನೆಂಟಳಂತೆ ಮುಂದೆ ನಿಂತಿದ್ದಾಳೆ.

"ಕಳ್ಳಿ ಸಿಕ್ಕಿಬಿದ್ದಂಗಾಯ್ತು. ನಾಚ್ಕೆ ಆಗಿ ಎಲ್ಲ ವಾಪಸ್ ತೆಗೆದೆ. ಚಿತ್ರ ಅವಳದು, ನಂದಲ್ಲ." ಮತ್ತೆ ಕೂತು ತಮ್ಮನ್ನು ತಾವೇ ಕತ್ತಲಿಗೆ ಇಳಿಸಿದರು. ಪೂರ್ತಿ ಕಪ್ಪಲ್ಲ. ಕಪ್ಪಿನೊಳಗೆ ಇನ್ನೂ ಮೂರು ಬಗೆಯ ಕಪ್ಪು ಉಳಿಸಿದರು: ಒಂದು ಕೆನ್ನೆಗೆ, ಒಂದು ತುಟಿಗೆ, ಒಂದು ಚೀಲಕ್ಕೆ. "ಮುಳುಗಿಸಿ ಅಂದಿದ್ರು. ಸಾಯ್ಸಿ ಅನ್ಲಿಲ್ವಲ್ಲ."

"ಮೂಲೆ ಈಗ ಸರಿಹೋಯ್ತು ಮೇಡಂ," ಎಂದರು ಛಾಯಾಗ್ರಾಹಕರು. ಆ ಚಿತ್ರ ಆಳೆತ್ತರದ ಪ್ರಿಂಟಾಗಿ ಪ್ರದರ್ಶನದ ಗೋಡೆಗೇರಿತು. ಅಷ್ಟು ದೊಡ್ಡದಾದರೆ ಮೂಲೆಯೂ ಕಂಡೇ ಕಾಣುತ್ತದೆಂದು ಗೂಬಕ್ಕ ಒಳಗೊಳಗೇ ಲೆಕ್ಕ ಹಾಕಿದ್ದರು. ಜನರಿಲ್ಲದ ಒಂದು ಮಧ್ಯಾಹ್ನ ಅಕ್ಕ ತಂಗಿ ಹೋದರು. ಗೋಡೆಯ ಒಂದೇ ದೀಪವನ್ನು ಹುಡುಗಿಯ ಕಡೆ ತಿರುಗಿಸಿದ್ದರು. ಬಲಗಡೆಯ ಮೂಲೆ ಬಾವಿಯಂತೆ ಕಪ್ಪಗಿತ್ತು.

ಅಕ್ಕ ಗಾಜಿಗೆ ಮೂಗು ತಾಗುವಷ್ಟು ಬಾಗಿದರು. ಕಾವಲುಗಾರ ಓಡಿ ಬಂದ. "ಅಮ್ಮಾ, ದೂರ ನಿಂತ್ಕೊಳ್ಳಿ."

"ಇದರೊಳಗೆ ನನ್ನ ತಂಗಿ ಇದ್ದಾಳಪ್ಪ, ಎಷ್ಟು ದೂರ ನಿಲ್ಲಲಿ?"

ಅವನು ಚಿತ್ರ ನೋಡಿದ, ಗೂಬಕ್ಕನನ್ನು ನೋಡಿದ, ಮತ್ತೆ ಚಿತ್ರ ನೋಡಿದ. "ಎಲ್ಲಮ್ಮಾ?" ಎಂದ. ಗೂಬಕ್ಕ ಅಕ್ಕನ ತೋಳು ಹಿಡಿದು ಹೊರಗೆ ಕರೆತಂದರು.

ಈ ಬರಹ ಛಾಯಾಗ್ರಾಹಕರ ಕಣ್ಣಿಗೆ ಬಿದ್ದರೆ ಎಂದು ಕೇಳಿದರೆ ಅವರಿಗೆ ಚಿಂತೆಯಿಲ್ಲ. "ಅವರು ಪೇಪರಲ್ಲೂ ಚಿತ್ರ ಮಾತ್ರ ನೋಡೋದು."

ಪರದೆಯಂಚಿನಿಂದ ಬಿಸಿಲಿನ ಗೆರೆಯೊಂದು ಮೇಜಿಗೆ ಬಂದಿದೆ. ದೊಡ್ಡ ಕೆಲಸದ ಹೊತ್ತು ಮುಗಿಯಿತು. ಏಣಿಯವನು ಗೋಡೆ ಬಿಟ್ಟು ಈಚೆ ಬಂದಿದ್ದಾನೆ. ಗೂಬಕ್ಕ ಎದ್ದು ಮೊಳೆಯ ಮೇಲಿನ ಟವೆಲು ಸರಿಸಿ, ಬ್ರೆಡ್ ತರಲು ಕೆಂಪು ಚೀಲವನ್ನು ಹೆಗಲಿಗೇರಿಸುತ್ತಾರೆ.

"ಹೆಸರು ಗಿಸರು ಬೇಡ," ಎನ್ನುತ್ತಾರೆ ಬಾಗಿಲಲ್ಲಿ ನಿಂತು. "ಆ ಬಲಗಡೆಗೆ ಒಂದು ಸಣ್ಣ ದೀಪ ಹಾಕಿದ್ರೆ ಸಾಕಿತ್ತು. ಅಕ್ಕನ ಹೊಲಿಗೆ ಕೂಡ ಉಳಿಸಿದ್ದೆ. ಇದೆ, ಎಲ್ಲ ಅಲ್ಲೇ ಇದೆ. ಬೆಳಕು ಬಿದ್ರೆ ಕಾಣುತ್ತೆ."