ಸಾಲಿನ ಯಜಮಾನರು
ಆಗ ಇಡೀ ಫುಟ್‌ಬಾಲ್ ಮೈದಾನಕ್ಕೆ ಒಂದೇ ಚಹಾ ಕಿಟಕಿ, ಅದರ ಹಿಂದೆ ನಾನು. ಅರ್ಧ ಆಟದ ಸೀಟಿ ಊದಿದರೆ ಸಾಕು, ಜನ ಮುಗಿಬೀಳುತ್ತಿದ್ದರು. ಚಹಾದ ಸಾಲು ಪಕ್ಕದ ಕಕ್ಕಸಿನ ಸಾಲಿಗೆ ಹೆಣೆದುಕೊಂಡು, ಯಾರು ಯಾವುದಕ್ಕೆ ನಿಂತಿದ್ದಾರೆಂದು ಅವರಿಗೇ ತಿಳಿಯುತ್ತಿರಲಿಲ್ಲ. ಅದರ ನಡುವೆ ಟೊಪ್ಪಿಗೆಯವರೊಬ್ಬರು, ಎಲ್ಲರ ಬಾಯಲ್ಲಿ ಸಾಲಿನ ಯಜಮಾನರು. "ಇದೇನು ಮೈದಾನವೋ ದನದ ದೊಡ್ಡಿಯೋ! ಅಕ್ಕಾ, ಚಹಾ ಕುದಿಸ್ತಿದ್ದೀರಾ, ಗಿಡ ನೆಟ್ಟು ಬೆಳೆಸ್ತಿದ್ದೀರಾ?" ಎಂದು ಗದರುತ್ತಿದ್ದರು. ಗದರುತ್ತಲೇ, "ನೀವು ಮುಂದೆ ಹೋಗಿ ತಾಯಿ, ಮಗು ಅಳ್ತಿದೆ" ಎಂದು ಹಿಂದಿನವರಿಗೆ ಜಾಗ ಬಿಡುವರು. ಮಗು ನಗುತ್ತಿದ್ದರೂ ಬಿಡುವರು. ಆಟ ಮತ್ತೆ ಶುರುವಾಗಿ ಎಲ್ಲರೂ ಓಡಿದರೂ ಅವರಿಗೆ ಅವಸರವಿಲ್ಲ. ಒಳಗೆ ಜನ ಕೂಗಿದರೆ ಕಣ್ಣು ಮುಚ್ಚಿಕೊಂಡು, "ಗೋಲು ನಮ್ಮದಾ, ಅವರದಾ?" ಎಂದು ನನ್ನನ್ನು ಕೇಳುವರು. ನಮ್ಮ ತಂಡದ ಗೋಲು ಕಾಯುತ್ತಿದ್ದವನು ಅವರ ಮಗ. ಮೊದಲರ್ಧ ಹಲ್ಲು ಕಚ್ಚಿ ನೋಡಿದ ಮೇಲೆ, ಅವನ ಕೈಯಿಂದ ಚೆಂಡು ಜಾರೀತೆಂಬ ಭಯಕ್ಕೆ ಇನ್ನೊಂದರ್ಧ ನೋಡುವ ಎದೆಗಾರಿಕೆ ಅವರಲ್ಲಿ ಉಳಿದಿರುತ್ತಿರಲಿಲ್ಲ. ಆಮೇಲೆ ಹತ್ತಾರು ಕಿಟಕಿಗಳ ಹೊಸ ಕ್ಯಾಂಟೀನು ಬಂತು, ನನಗೆ ಅಲ್ಲೂ ಒಂದು ಕಿಟಕಿ ಸಿಕ್ಕಿತು. ಮೊದಲ ದಿನವೇ ಕಣ್ಣು ಮಿಟುಕಿಸುವಷ್ಟರಲ್ಲಿ ಅವರ ಕೈಗೆ ಚಹಾ ಬಂತು. ಲೋಟ ಹಿಡಿದು ಅತ್ತಿತ್ತ ನೋಡಿ, "ಇನ್ನು ನಾನೆಲ್ಲಿ ನಿಂತ್ಕೊಳ್ಳಲಿ ಅಕ್ಕಾ?" ಎಂದರು. ನಾನು ಪಕ್ಕದ ಬಾಗಿಲು ತೆಗೆದು, "ಒಳಗೆ ಬನ್ನಿ, ಲೋಟ ರಾಶಿ ಬಿದ್ದಿದೆ, ತೊಳೀರಿ" ಎಂದೆ.