ಸಕ್ಕರೆ ಹಾಕದ ಮೊಸರು

ಚಿಯಾಯಿ ಊರಿನ ಹಳೆ ಮಾರ್ಕೆಟ್ಟಿನಲ್ಲಿ ಸೋಯಾ ಹಾಲು ಅಂದರೆ ಕಾಂಗ್ ಸುಲಾನ್‌ಳದು ಎಂಬ ಮಾತು ಇಪ್ಪತ್ತು ವರ್ಷಗಳಿಂದ ಇತ್ತು. ಹತ್ತೊಂಬತ್ತಕ್ಕೆ ಮದುವೆಯಾಗಿ ಆ ಅಂಗಡಿಯ ಹಿಂದೆ ಬಂದು ನಿಂತವಳು. ಕಾಳು ನೆನೆಹಾಕುವುದು, ಬೀಸುವುದು, ಹಾಲು ತಳ ಹತ್ತದಂತೆ ಕೈಯಾಡಿಸುವುದು ಎಲ್ಲವನ್ನೂ ಅತ್ತೆಯೇ ಕಲಿಸಿದ್ದು. "ನೀರು ಬೆರೆಸೋ ದಿನ ಬಂದ್ರೆ ಅಂಗಡಿ ಮುಚ್ಚಿ ಮನೇಗೆ ಬಾ" ಎಂದು ಆ ಅತ್ತೆ ಬೆಳಗಿಗೊಮ್ಮೆ ಹೇಳುತ್ತಿದ್ದಳು. ಅತ್ತೆ ಹೋದಳು, ಆಮೇಲೆ ಗಂಡನೂ ಹೋದ. ಸುಲಾನ್ ನೀರು ಬೆರೆಸಲಿಲ್ಲ. ಐವತ್ತಾರನೇ ವಯಸ್ಸಿನಲ್ಲೂ ಅವಳಿಗೆ ತನ್ನದು ಅಂತ ಇದ್ದ ಹೆಮ್ಮೆ ಅದೊಂದೇ.

ಮೂರು ವರ್ಷದ ಹಿಂದೆ ಏನಾಯಿತೆಂದರೆ, ಮಾರ್ಕೆಟ್ಟಿಗೆ ಬರುವವರಲ್ಲಿ ಕಾಲುಪಾಲು ಜನ ಅನ್ನ ಬಿಟ್ಟರು. ಕೆಲವರು ಹೊಟ್ಟೆ ಕರಗಿಸಲಿಕ್ಕೆ, ಕೆಲವರು ಸಕ್ಕರೆ ಕಾಯಿಲೆಗೆ. ನೂಡಲ್ಸ್ ಬೇಡ, ಬನ್ನು ಬೇಡ, ಬಾಳೆಹಣ್ಣೂ ಬೇಡ. ಸುಲಾನ್‌ಳ ಸಪ್ಪೆ ಸೋಯಾ ಹಾಲನ್ನು ಔಷಧಿಯ ಹಾಗೆ ಮೂಗು ಮುಚ್ಚಿ ಕುಡಿದು ಹೋಗುವರು. ಸಕ್ಕರೆ ಕಾಯಿಲೆಯವರಲ್ಲಿ ಒಬ್ಬರು ಚಿಯು ಟೀಚರ್. ಅರವತ್ತೆಂಟು ವಯಸ್ಸು, ಪ್ರೈಮರಿ ಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿ, ಈಗ ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಅರ್ಧ ಮಾರ್ಕೆಟ್ಟಿಗೆ ಹಾಡು ಕಲಿಸಿದವರು, ಹಾಗಾಗಿ ಎಲ್ಲರಿಗೂ ಅವರು ಟೀಚರ್ರೇ.

ಒಂದು ದಿನ ಅವರು ಲೋಟ ಕೆಳಗಿಟ್ಟು ಹೇಳಿದರು: "ಸುಲಾನ್, ಮೆತ್ತಗೆ ಕೆನೆಕೆನೆಯಾಗಿ ಏನಾದ್ರೂ ಮಾಡಮ್ಮ. ಮೊಟ್ಟೆ ಮೀನು ಅಗೀತಾ ಅಗೀತಾ ನನ್ನ ದವಡೆಗೇ ಬೇಜಾರ್ ಬಂದಿದೆ. ಟರ್ಕಿ ಕೋಳಿ ಅನ್ನ ಬಿಟ್ಟೆ, ಅಳಲಿಲ್ಲ. ಬೆಣ್ಣೆ ಕೇಕ್ ಬಿಟ್ಟೆ ನೋಡು, ಅವತ್ತು ಅತ್ತುಬಿಟ್ಟೆ."

ಸುಲಾನ್ ನಗುತ್ತಲೇ ಆ ಮಾತನ್ನು ಮನಸ್ಸಿಗೆ ಹಾಕಿಕೊಂಡಳು. ಗಟ್ಟಿ ಸೋಯಾ ಹಾಲು ಕಾಯಿಸಿ, ಹದವಾಗಿ ಆರಿಸಿ, ಹೆಪ್ಪು ಹಾಕಿದಳು. ಮೂರು ಸಲ ಕೆಟ್ಟಿತು. ನಾಲ್ಕನೇ ಸಲ ಹೆಪ್ಪುಗಟ್ಟಿದ್ದನ್ನು ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದಳು. ನೀರೆಲ್ಲ ಇಳಿದು ಒಳಗೆ ಉಳಿದದ್ದು ಹೊಸ ಸುಣ್ಣದಷ್ಟು ಬೆಳ್ಳಗೆ, ಚಮಚ ನಿಲ್ಲಿಸಿದರೆ ನಿಲ್ಲುವಷ್ಟು ಗಟ್ಟಿಯಾದ ಮೊಸರು. ಅದರ ಮೇಲೆ ತೆಂಗಿನ ಹಾಲಿನ ಕೆನೆಯನ್ನು ಕಡೆದು ಹಾಕಿ, ಹುರಿದ ಕರಿ ಎಳ್ಳಿನ ಪುಡಿ ಉದುರಿಸಿದಳು. ಒಂದು ಹರಳು ಸಕ್ಕರೆ ಇಲ್ಲ.

ಟೀಚರ್ ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಎಷ್ಟು ಹೊತ್ತಾದರೂ ತೆರೆಯಲಿಲ್ಲ.

"ಚೆನ್ನಾಗಿಲ್ವಾ?" ಸುಲಾನ್‌ಗೆ ಗಾಬರಿ.

"ಸುಮ್ನಿರು. ಇದು ಬಾಯಲ್ಲಿ ಇರೋಷ್ಟು ಹೊತ್ತು ನಾನು ರೋಗಿ ಅಲ್ಲ."

ಅಂದಿನಿಂದ ಅಂಗಡಿಯ ಮೇಲೆ ಒಂದು ಹಲಗೆ ಬಂತು. ಸುಲಾನ್ ತಾನೇ ಕುಂಚ ಹಿಡಿದು ಬರೆದದ್ದು: ಮೊಸರು, ಸಕ್ಕರೆ ಇಲ್ಲ. ದಿನಕ್ಕೆ ಮೂವತ್ತು ಬಟ್ಟಲು ಹೋಗತೊಡಗಿತು. ಎದುರಿಗೆ ಮೀನುಂಡೆ ಮಾರುವ ಆಹೊಕ್ ಕೂಗುವನು, "ಏನ್ ಸುಲಾನಕ್ಕ, ದೇವಸ್ಥಾನದ ಪ್ರಸಾದಕ್ಕಿಂತ ನಿನ್ನ ಮೊಸರಿಗೇ ಸಾಲು ದೊಡ್ಡದು!" ಅವಳು ಒದ್ದೆ ಬಟ್ಟೆ ಎತ್ತಿ ಹೊಡೆಯುವ ಹಾಗೆ ಮಾಡುವಳು. ಒಳಗೊಳಗೆ ಹಿಗ್ಗು.

ಮೇ ತಿಂಗಳಲ್ಲಿ ಸೆಕೆ ಏರಿತು. ಒಂದು ಬೆಳಿಗ್ಗೆ ಬಟ್ಟೆ ಬಿಚ್ಚಿ ನೋಡಿದರೆ ಮೊಸರು ನೀರುನೀರಾಗಿ ನೂಲು ಬಿಡುತ್ತಿತ್ತು. ಹಲ್ಲು ಜುಂ ಎನ್ನುವ ಹುಳಿ, ಅದರ ಹಿಂದೆ ಹಸಿ ಕಾಳಿನ ವಾಸನೆ. ಹೊರಗೆ ಆಗಲೇ ನಾಲ್ಕು ಜನ ಸ್ಟೂಲಿನ ಮೇಲೆ ಕೂತಿದ್ದರು. ಇವತ್ತು ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇಪ್ಪತ್ತು ವರ್ಷದಲ್ಲಿ ಅವಳು ಆ ಮಾತು ಹೇಳಿದವಳಲ್ಲ. ಸೆಕೆಗಾಲದಲ್ಲಿ ಮಾರುವ ಪುಡಿ ಐಸಿನ ಮೇಲೆ ಸುರಿಯಲಿಕ್ಕೆಂದು ಇಟ್ಟಿದ್ದ ಸಿಹಿ ಗಟ್ಟಿಹಾಲಿನ ಡಬ್ಬಿ ಕೈಗೆಟುಕುವಲ್ಲೇ ಇತ್ತು. ಒಂದು ಡಬ್ಬಿ ಪೂರ್ತಿ ಸುರಿದಳು. ಮಂದವಾಗಲೆಂದು ಒಂದಿಷ್ಟು ಮರಗೆಣಸಿನ ಹಿಟ್ಟು ಗಂಜಿಯಂತೆ ಕಾಯಿಸಿ ಕಲಸಿದಳು. ಒಂದೇ ದಿನ, ಎಂದುಕೊಂಡಳು.

"ಅಯ್ಯೋ, ಇವತ್ತಿನದು ಎಲ್ಲಾ ದಿನಕ್ಕಿಂತ ರುಚಿ!" ಎಂದರು ಚಿಯು ಟೀಚರ್. "ಏನ್ ಮಾಡ್ದೆ?"

"ಹೊಸ ಕಾಳು" ಎಂದಳು ಸುಲಾನ್. ಮಾತು ತಾನಾಗಿಯೇ ಬಂದುಬಿಟ್ಟಿತ್ತು.

ಮರುದಿನ ಪ್ರಾಮಾಣಿಕವಾಗಿ ಮಾಡಿದಳು. ಮೊಸರು ಚೆನ್ನಾಗಿಯೇ ಇತ್ತು. ಆದರೆ ನಿನ್ನೆಯದನ್ನು ತಿಂದ ನಾಲಿಗೆಗಳಿಗೆ ಅದು ಹಿಡಿಸಲಿಲ್ಲ. "ಇವತ್ತು ಕೈ ಕೆಟ್ಟಿದೆ ನಿಂದು" ಎಂದು ಯಾರೋ ಬಟ್ಟಲಲ್ಲಿ ಅರ್ಧ ಬಿಟ್ಟು ಎದ್ದರು. ಕೈ ಕೆಟ್ಟಿದೆ ಎಂಬ ಆ ಒಂದು ಮಾತು ಅವಳನ್ನು ಇಡೀ ದಿನ ಚುಚ್ಚಿತು. ಮೂರನೇ ದಿನ ಮತ್ತೆ ಡಬ್ಬಿ ತೆರೆದಳು. ಆಮೇಲೆ ದಿನವೂ, ಒಂದಲ್ಲ ಎರಡು. ಖಾಲಿ ಡಬ್ಬಿಗಳನ್ನು ಚಪ್ಪಟೆ ಮಾಡಿ ಕಾಳಿನ ಹಿಂಡಿಯ ಬುಟ್ಟಿಯ ತಳದಲ್ಲಿ ಮುಚ್ಚಿಡುವಳು. ತಾನು ಮಾತ್ರ ಆ ಮೊಸರನ್ನು ಒಂದು ಚಮಚವೂ ಬಾಯಿಗೆ ಹಾಕಲಿಲ್ಲ. ತಲೆಯ ಮೇಲಿನ ಹಲಗೆಯ ಕಡೆ ಕಣ್ಣೆತ್ತುವುದನ್ನೂ ಬಿಟ್ಟಳು.

ಜುಲೈಯಲ್ಲಿ ಚಿಯು ಟೀಚರ್ ಗಂಡ ನಿಯೆಯ ಜೊತೆ ಬಂದರು. ರೈಲ್ವೆಯಲ್ಲಿದ್ದ ಮನುಷ್ಯ, ಕಿವಿ ಮಂದ, ಹಾಗಾಗಿ ಮಾತೆಲ್ಲ ಪ್ಲಾಟ್‌ಫಾರಮ್ಮಿಗೆ ಕೇಳುವ ಹಾಗೆ.

"ನೋಡು ಸುಲಾನ್, ನಿಮ್ಮ ಟೀಚರ್ ಸಾಧನೆ! ಮೂರು ತಿಂಗಳ ಸಕ್ಕರೆ ಪರೀಕ್ಷೆ ಮಾಡಿಸಿದ್ವಿ. ಆರೂವರೆ ಇದ್ದದ್ದು ಏಳೂ ಮುಕ್ಕಾಲು! ಕದ್ದು ತಿಂತಾಳೆ. ಇಷ್ಟು ವಯಸ್ಸಾಗಿ, ಇಲಿ ಥರ!"

ಟೀಚರ್ ಕೆಳದನಿಯಲ್ಲಿ, "ನಾನೇನೂ ತಿಂದಿಲ್ಲ" ಎಂದರು.

"ನರ್ಸಮ್ಮನ ಮುಂದೂ ಇದನ್ನೇ ಹೇಳಿದ್ಲು. ಆಯಮ್ಮ ನಕ್ಕುಬಿಟ್ಲು. ಎಲ್ರೂ ಹೀಗೇ ಹೇಳ್ತಾರಂತೆ." ನಿಯೆ ಸುಲಾನ್ ಕಡೆ ತಿರುಗಿದ. "ನೀನೇ ನಿಜ ಹೇಳಮ್ಮ. ಗುಟ್ಟಾಗಿ ಇವಳಿಗೆ ಸಕ್ಕರೆ ಪಾಕದ್ದು ಏನಾದ್ರೂ ಕೊಡ್ತಿದೀಯಾ?"

ಮಾರ್ಕೆಟ್ಟು ಕಿವಿಗೊಟ್ಟಿತ್ತು. ಆಹೊಕ್ ಸೌಟು ಹಿಡಿದು ನಿಂತಿದ್ದ. ಟೀಚರ್ ತಲೆ ತಗ್ಗಿಸಿದ್ದರು. ಬೈತಲೆಯ ಬಿಳಿ ಕೂದಲು ಕಾಣುತ್ತಿತ್ತು. ಒಂದು ಕಾಲದಲ್ಲಿ ನಲವತ್ತು ಮಕ್ಕಳನ್ನು ಒಂದು ಬೆರಳಿನಿಂದ ಸುಮ್ಮನಾಗಿಸುತ್ತಿದ್ದ ಹೆಂಗಸು ತಪ್ಪು ಮಾಡಿದ ಹುಡುಗಿಯ ಹಾಗೆ ನಿಂತಿದ್ದರು.

"ಇಲ್ಲ" ಎಂದಳು ಸುಲಾನ್. "ನಾನು ಯಾಕೆ ಕೊಡ್ಲಿ?"

ಮುಖ ಕಾದ ಹಂಚಿನಂತಾಗಿತ್ತು. ಒಲೆಯ ಉರಿ ಎಂದುಕೊಳ್ಳಲಿ ಎಂದು ಪಾತ್ರೆಯ ಮೇಲೆ ಬಗ್ಗಿದಳು. ಈಗ ಹೇಳು, ಈಗ ಹೇಳು ಎಂದು ಒಳಗೇನೋ ಒದ್ದುಕೊಳ್ಳುತ್ತಿತ್ತು. ಅಷ್ಟರಲ್ಲಿ ನಿಯೆಯೇ ಅಂದ: "ಸರಿ, ಡಾಕ್ಟರು ಮಾತ್ರೆ ಜಾಸ್ತಿ ಮಾಡಿದಾರೆ. ಇನ್ಮೇಲೆ ಹಣ್ಣೂ ಇಲ್ಲ, ಗೆಣಸೂ ಇಲ್ಲ. ಸುಲಾನ್ ಮೊಸರು ಬೇಕಾದ್ರೆ ಎರಡು ಬಟ್ಟಲು ತಿನ್ಲಿ. ಅದೊಂದರಲ್ಲಿ ಮೋಸ ಇಲ್ಲ."

ಅಂದಿನಿಂದ ಟೀಚರ್ ಎರಡು ಬಟ್ಟಲು ತಿಂದರು. ಅವರ ಬಟ್ಟಲಿಗೆ ಮಾತ್ರ ಬೇರೆ ಮಾಡಿಡೋಣ ಎಂದು ಸುಲಾನ್ ಒಂದು ವಾರ ಪ್ರಯತ್ನಪಟ್ಟಳು. ರುಚಿ ಬೇರೆಯಾಯಿತೆಂದು ಟೀಚರ್ ಪಕ್ಕದವರ ಬಟ್ಟಲಿಗೆ ಚಮಚ ಹಾಕಿ ನೋಡಿದರು. ಬೇರೆ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿದಳು.

ಅಕ್ಟೋಬರಿನಲ್ಲಿ ಟೀಚರ್ ಹತ್ತು ದಿನ ಹುವಾಲಿಯೆನ್ ಊರಿನ ತಂಗಿ ಮನೆಗೆ ಹೋದರು. ಅವರು ವಾಪಸು ಬರುವ ವಾರ ಕಳೆದರೂ ಅಂಗಡಿಯ ಕಡೆ ಸುಳಿಯಲಿಲ್ಲ. ಬಂದವನು ನಿಯೆ ಒಬ್ಬನೇ, ತನಗೆ ಖಾರದ ಸೋಯಾ ಹಾಲು ಕೇಳಿಕೊಂಡು.

"ಬಿದ್ದುಬಿಟ್ಲು" ಎಂದ. ಅಂದು ಅವನ ದನಿ ಏರಲಿಲ್ಲ. "ಸ್ಟೇಷನ್ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು. ಎಡಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ಸಕ್ಕರೆ ಪೂರ್ತಿ ಇಳಿದುಹೋಗಿತ್ತಂತೆ. ಮಾತ್ರೆ ಜಾಸ್ತಿಯಾಯ್ತು ಅಂತಾರೆ ಡಾಕ್ಟರು. ಆಗದೆ ಏನು? ಇಲ್ಲಿ ಕದ್ದು ತಿಂತಿದ್ಲು, ಮಾತ್ರೆ ಅದಕ್ಕೆ ಸರಿಹೋಗ್ತಿತ್ತು. ತಂಗಿ ಮನೇಲಿ ಕದಿಯೋಕೆ ಏನೂ ಸಿಕ್ಕಿರಲಿಲ್ಲ."

ಸುಲಾನ್ ಕೈಯಲ್ಲಿದ್ದ ಲೋಟ ಅಲ್ಲೇ ಇಟ್ಟಳು. ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಮನೆಗೆ ಹೋಗಿ ಮುಖ ತೊಳೆದು ಬೇರೆ ಅಂಗಿ ಹಾಕಿಕೊಂಡಳು. ಹಣ್ಣಿನ ಬುಟ್ಟಿ ಕೊಳ್ಳಲು ಹೋಗಿ, ಕೊಳ್ಳದೆ ತಿರುಗಿದಳು. ಕೊನೆಗೆ ಚೀಲದಲ್ಲಿ ಹಾಕಿಕೊಂಡಿದ್ದು ಗಟ್ಟಿಹಾಲಿನ ಖಾಲಿ ಡಬ್ಬಿ. ನಾಲಿಗೆ ಏಳದಿದ್ದರೆ ಅದನ್ನಾದರೂ ಮುಂದಿಡಬಹುದು ಎಂದು.

ನಾಲಿಗೆ ಏಳಲೂ ಇಲ್ಲ. ಟೀಚರ್ ಮನೆಯಲ್ಲಿ ಕೂತ ಕೂಡಲೇ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

"ಇದೇನು?" ಎಂದರು ಟೀಚರ್. ಎಡಗೈ ಪಟ್ಟಿಯಲ್ಲಿ ಕೊರಳಿಗೆ ತೂಗುತ್ತಿತ್ತು.

"ಮೊಸರಿಗೆ ಹಾಕ್ತಿದ್ದೆ. ದಿನಾ ಎರಡು ಡಬ್ಬಿ. ಹಿಟ್ಟೂ ಹಾಕ್ತಿದ್ದೆ."

ಟೀಚರ್ ಡಬ್ಬಿಯನ್ನೇ ನೋಡಿದರು. "ಯಾವಾಗಿಂದ?"

"ಮೇ ತಿಂಗಳಿಂದ."

"ಅಂದ್ರೆ ಅವತ್ತು, ನಿನ್ನ ಅಂಗಡಿ ಮುಂದೆ ನಾನು ಅಷ್ಟು ಜನರ ಎದುರು ನಿಂತಿದ್ನಲ್ಲ..."

"ಅವತ್ತೂ ಹಾಕಿದ್ದೆ."

ಟೀಚರ್ ಬಲಗೈಯಿಂದ ಡಬ್ಬಿಯನ್ನು ಅತ್ತ ಸರಿಸಿದರು. ಆಮೇಲೆ ಯಾರೋ ಬೇರೆಯವರ ಕಥೆ ಹೇಳುವ ಹಾಗೆ ಹೇಳಿದರು: "ನಾನು ನಿದ್ದೆಗಣ್ಣಲ್ಲಿ ಎದ್ದು ಹೋಗಿ ತಿಂತಿದೀನೇನೋ ಅಂತ ನಂಗೇ ಅನುಮಾನ ಬಂದಿತ್ತು ಸುಲಾನ್. ಅಡುಗೆಮನೆ ಬಾಗಿಲಿಗೆ ದಾರ ಕಟ್ಟಿ ಮಲಗ್ತಿದ್ದೆ. ಬೆಳಿಗ್ಗೆ ಎದ್ದು ದಾರ ಹರಿದಿದೆಯಾ ಅಂತ ನೋಡ್ತಿದ್ದೆ. ಹರಿದಿರ್ತಿರಲಿಲ್ಲ. ಆದ್ರೂ ನನ್ನ ಮೇಲೇ ನಂಬಿಕೆ ಬರಲಿಲ್ಲ. ತಲೆ ಕೆಡ್ತಿದೆ ಅಂದ್ಕೊಂಡೆ."

ಸುಲಾನ್ ನೆಲ ನೋಡುತ್ತ ಕೂತಳು. ಕೈ ಮುರಿದದ್ದನ್ನು ಕೇಳಿದಾಗಲೂ ಇಷ್ಟು ಕುಗ್ಗಿರಲಿಲ್ಲ. ಆ ದಾರ ಅವಳ ಕೊರಳಿಗೇ ಸುತ್ತಿಕೊಂಡಂತಾಯಿತು.

"ರೀ! ಇಲ್ಲಿ ಬನ್ರಿ!" ಟೀಚರ್ ಒಳಗೆ ಕೂಗಿದರು. ನಿಯೆ ಬಂದ. "ಇವರಿಗೂ ಹೇಳು. ಜೋರಾಗಿ ಹೇಳು, ಅವರಿಗೆ ಕೇಳಿಸಲ್ಲ."

ಸುಲಾನ್ ಹೇಳಿದಳು. "ಏನು?" ಎಂದ ನಿಯೆ. ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಬೇಕಾಯಿತು: "ಟೀಚರ್ ಕದ್ದು ತಿಂದಿಲ್ಲ! ನಾನೇ ಸಿಹಿ ಹಾಕಿ ಕೊಟ್ಟಿದ್ದು!" ಕಿಟಕಿ ತೆರೆದಿತ್ತು, ಬೀದಿಗೂ ಕೇಳಿಸಿರಬೇಕು. ನಿಯೆಯ ಮುಖ ಮೊದಲು ಸಿಟ್ಟಿನಿಂದ ಬಿಗಿಯಿತು. ಆಮೇಲೆ ಹೆಂಡತಿಯ ಕಡೆ ತಿರುಗಿದ್ದೇ ಆ ಸಿಟ್ಟು ಜರ್ರನೆ ಇಳಿದುಹೋಯಿತು. ನೆಟ್ಟಗೇ ಇದ್ದ ಕುರ್ಚಿಯನ್ನು ಸರಿಮಾಡತೊಡಗಿದ.

"ಬೇರೆಯವರೂ ತಿಂತಾರಲ್ಲ ನಿನ್ನ ಮೊಸರು" ಎಂದರು ಟೀಚರ್. "ಅವರಿಗೆ ಹೇಳಿದೀಯಾ?"

"ಇನ್ನೂ ಇಲ್ಲ."

"ಮತ್ತೆ ಇಲ್ಲಿ ಯಾಕೆ ಕೂತಿದೀಯ? ಹೋಗು."

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಹಾಗೇ ಉಳಿದವು. ಎದ್ದು, ಸೊಂಟ ಬಗ್ಗಿಸಿ ನಮಸ್ಕರಿಸಿ, ಹೊರಬಂದಳು.

ಮರುದಿನ ಬೆಳಿಗ್ಗೆ ಹಲಗೆ ಇಳಿಸಿದಳು. ಬಂದವರೊಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳಿದಳು. ಒಬ್ಬಳು ಹೆಂಗಸು, "ಐದು ತಿಂಗಳು ನಾನು ಬೆವರು ಸುರಿಸಿ ಓಡಿದ್ದೆಲ್ಲ ನಿನ್ನ ಡಬ್ಬಿಗೆ ಹೋಯ್ತಲ್ಲೇ!" ಎಂದು ಬೈದು ಸ್ಟೂಲು ಒದ್ದು ಹೋದಳು. ಆ ಬೈಗುಳ ಸುಲಾನ್‌ಗೆ ಹಿತವೆನಿಸಿತು. ಸಹಿಸಲಾಗದ್ದು ಬೇರೆಯದು: ಇನ್ನೊಬ್ಬ ಗಿರಾಕಿ ಕಣ್ಣು ಮಿಟುಕಿಸಿ, "ನಂಗೆ ಹಾಗೇ ಹಾಕ್ಕೊಡು, ನಮ್ಮನೇಲಿ ಹೇಳ್ಬೇಡ" ಅಂದ. ಆಹೊಕ್ ಅವಳನ್ನು ಹಗುರ ಮಾಡಲೆಂದೇ ಕೂಗಿದ, "ಹಂಗಾದ್ರೆ ನನ್ನ ಮೀನುಂಡೇಲಿ ಮೀನೇ ಇಲ್ಲ ಅಂತ ನಾನೂ ಒಪ್ಕೊಂಡ್ಬಿಡ್ಲಾ ಅಕ್ಕ?" ಸುತ್ತಲಿನವರೆಲ್ಲ ನಕ್ಕರು. ಸುಲಾನ್‌ಗೆ ನಗು ಬರಲಿಲ್ಲ. ಆಹೊಕ್ ಮತ್ತೆ ಆ ಮಾತೆತ್ತಲಿಲ್ಲ.

ಒಂದು ತಿಂಗಳು ಮೊಸರು ಮಾಡಲಿಲ್ಲ. ಆಮೇಲೆ ಮಾಡಿದಳು. ಹೆಪ್ಪಿನ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು, ಬಟ್ಟೆ ದಿನವೂ ಕುದಿಸಿ, ಕೆಟ್ಟ ದಿನ ಪೂರ್ತಿ ಚೆಲ್ಲಿ, "ಇವತ್ತಿಲ್ಲ" ಎಂದು ಹೇಳುವುದನ್ನು ಕಲಿತಳು. ಹುಳಿ ಕೊಂಚ ಮುಂದಾಗಿಯೇ ಇರುತ್ತಿತ್ತು. ಮೊದಲ ಬಟ್ಟಲನ್ನು ಗಿರಾಕಿಗಳ ಎದುರೇ ತಾನು ತಿನ್ನುತ್ತಿದ್ದಳು. ಮೂವತ್ತು ಹೋಗುತ್ತಿದ್ದಲ್ಲಿ ಎಂಟೋ ಒಂಬತ್ತೋ ಹೋಗುತ್ತಿದ್ದವು. ಯಾರಾದರೂ ಬಟ್ಟಲು ಕೆರೆದು ತಿಂದು, ಆಹಾ ಅಂದರೆ, ಮೊದಲಿನ ಹಿಗ್ಗು ಬರುತ್ತಿರಲಿಲ್ಲ, ಕಿವಿ ಬಿಸಿಯಾಗುತ್ತಿತ್ತು.

ಟೀಚರ್ ಬರಲಿಲ್ಲ. ತರಕಾರಿಗೆ ಹಿಂದಿನ ಗಲ್ಲಿಯಿಂದ ಬಂದು ಹಾಗೇ ಹೋಗುತ್ತಾರೆಂದು ಜನ ಹೇಳಿದರು. ಒಂದು ಸಲ ದೂರದಿಂದ ಕಂಡರು. ಸುಲಾನ್ ಪಾತ್ರೆ ತೊಳೆಯುವ ನೆಪದಲ್ಲಿ ಕೆಳಗೆ ಕೂತುಬಿಟ್ಟಳು.

ಮಾರ್ಚಿನಲ್ಲಿ ನಿಯೆ ಬಂದು ಸ್ಟೂಲಿನ ಮೇಲೆ ಕೂತ. ಖಾರದ ಸೋಯಾ ಹಾಲು ಕುಡಿದ. ಅವಳು ಕೇಳಲಿಲ್ಲ, ಅವನೇ ಹೇಳಿದ.

"ಮಾತ್ರೆ ಮೊದಲಿನಷ್ಟೇ ಮಾಡಿದಾರೆ. ಸಕ್ಕರೆ ಸರಿಯಾಗಿದೆ. ಪಟ್ಟಿ ಬಿಚ್ಚಿದ್ರು."

"ಆರ್ಗನ್?"

"ನುಡಿಸ್ತಾಳೆ. ಕಿರುಬೆರಳು ಅಷ್ಟು ದೂರ ಹೋಗಲ್ಲ ಈಗ. ದೊಡ್ಡ ಹಾಡುಗಳನ್ನ ಬೇರೆಯವರಿಗೆ ಬಿಟ್ಟುಕೊಟ್ಟಿದಾಳೆ." ಖಾಲಿ ಲೋಟವನ್ನು ಅವಳ ಕಡೆ ಸರಿಸಿದ. "ನನ್ನ ಜೊತೆ ಮಾತಾಡೋದು ಈಗ ಒಂದು ತಿಂಗಳಿಂದ ಶುರು ಮಾಡಿದಾಳೆ."

ಸುಲಾನ್ ಮೊಸರಿನ ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟಳು. ಒಂದು ಬಟ್ಟಲು ಕಟ್ಟಿಕೊಡಲಾ ಎಂದು ಕೇಳುವುದಕ್ಕೆ ಬಾಯಿ ಬರಲಿಲ್ಲ. ಅವನೂ ಕೇಳಲಿಲ್ಲ. ಎದ್ದು, ತಲೆಯಾಡಿಸಿ, ಮೀನಿನ ಸಾಲಿನ ಕಡೆ ನಡೆದುಹೋದ. ಅವಳು ಮುಂದಿನ ಗಿರಾಕಿಗೆ ಬಟ್ಟಲು ತೊಳೆದಳು.