ಹುಣಿಸೆಬೀಜದ ಮೇಷ್ಟ್ರು

ನರಸಿಂಹಯ್ಯ ಮೇಷ್ಟ್ರು ನಮ್ಮೂರಿಗೆ ಬಂದಾಗ ಅವರ ಬಳಿ ಇದ್ದದ್ದು ಒಂದು ತಗಡಿನ ಪೆಟ್ಟಿಗೆ, ಒಂದು ಚಾಪೆ, ಮತ್ತೆ ಕೆರೆ ಕೋಡಿಯವರೆಗೂ ಕೇಳುವಂಥ ಗಂಟಲು. ಶಿವಗಂಗೆ ಕಡೆಯವರು. ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ತೂಬಗೆರೆ ಹೋಬಳಿಯ ನಮ್ಮ ಸಣ್ಣ ಊರಿಗೆ ವರ್ಗವಾಗಿ ಬಂದರು, ಸ್ವಾತಂತ್ರ್ಯ ಬಂದ ವರ್ಷ ವರ್ಗವಾಗಿ ಹೋದರು. ಇದ್ದಷ್ಟು ವರ್ಷವೂ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದರು. ಅಡುಗೆ ತಾವೇ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದು ಮೊದಮೊದಲು ಮುದ್ದೆ ತಿರುವಿದರು.

"ನಿಮ್ಮ ಮುದ್ದೆ ನಾಯಿಗೆ ಬೀಸಿ ಹೊಡೆಯೋಕೆ ಚೆನ್ನಾಗವೆ ಸ್ವಾಮಿ," ಎಂದಳು ನಮ್ಮಮ್ಮ ಅಮ್ಮಯಮ್ಮ. ಆವತ್ತಿನಿಂದ ನಮ್ಮ ಒಲೆಯ ಮುಂದೆಯೇ ಊಟಕ್ಕೆ ಕೂತರು.

ಅವರಿಗಿಂತ ಮುಂಚೆ ಇದ್ದ ಮೇಷ್ಟ್ರು ಮಕ್ಕಳ ವಿಚಾರವನ್ನು ಯಾರ ಮನೆಗೂ ಹೇಳುತ್ತಿರಲಿಲ್ಲ. ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರು ಬರುತ್ತಿದ್ದರು. ಒಂದೊಂದು ಮಗುವಿಗೆ ಒಂದೊಂದು ಪ್ರಶ್ನೆ. ಪಾಸಾದ ಮಗುವಿನ ಮನೆಯಿಂದ ಮೇಷ್ಟ್ರಿಗೆ ತೆಂಗಿನಕಾಯಿ ಹೋಗುತ್ತಿತ್ತು, ಫೇಲಾದ ಮಗು ದನ ಕಾಯಲು ಹೋಗುತ್ತಿತ್ತು. ಅಲ್ಲಿಗೆ ಮುಗಿಯಿತು.

ನರಸಿಂಹಯ್ಯನವರಿಗೆ ಅದು ಸರಿಬರಲಿಲ್ಲ. ಅವರು ದಿನವೂ ಮಕ್ಕಳನ್ನು ಗಮನಿಸುತ್ತಿದ್ದರು. ಮರಳಿನ ಮೇಲೆ ಬರೆಸುವರು, ಉಕ್ತಲೇಖನ ಹೇಳುವರು, ಮಗ್ಗಿಯನ್ನು ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಒಪ್ಪಿಸಿಕೊಳ್ಳುವರು. ತಿಂಗಳ ಕೊನೆಯ ಶನಿವಾರ ಎಲ್ಲವನ್ನೂ ಕೂಡಿಸಿ ಹತ್ತಕ್ಕೆ ಇಷ್ಟು ಎಂದು ನಂಬರು ಹಾಕುವರು. ಆ ನಂಬರು ಅಪ್ಪ ಅಮ್ಮನಿಗೆ ಗೊತ್ತಾಗಬೇಕು ಎಂಬುದು ಅವರ ಆಸೆ. ಮೊದಲು ಮನೆಮನೆಗೂ ಹೋಗಿ ಹೇಳಿ ನೋಡಿದರು. "ನೀವು ಹೇಳಿದ್ಮೇಲೆ ಸರಿ ಬಿಡಿ ಸ್ವಾಮಿ," ಎಂದು ಮಜ್ಜಿಗೆ ಕೊಟ್ಟು ಕಳಿಸಿದರು, ಒಬ್ಬರೂ ಏನೆಂದು ಕೇಳಲಿಲ್ಲ. ಚೀಟಿ ಬರೆದು ಕಳಿಸಿದರು. ಯುದ್ಧದಿಂದಾಗಿ ಕಾಗದ ಸಿಗುವುದೇ ದುರ್ಲಭ, ಇದ್ದ ನಾಲ್ಕು ಚೀಟಿಗಳಲ್ಲಿ ಜನ ನಶ್ಯ ಕಟ್ಟಿಕೊಂಡರು. ಓದುವವರು ಯಾರಿದ್ದರು?

ಕಾರ್ತೀಕ ಮಾಸದಲ್ಲಿ ಒಂದು ದಿನ ಅವರು ಅಮ್ಮನನ್ನು ಕೇಳಿದರು, "ಅಮ್ಮಯಮ್ಮ, ಹುಣಿಸೆಬೀಜ ಐತಾ ಮನೇಲಿ?"

"ಗಡಿಗೆ ತುಂಬ ಐತೆ. ಯಾಕೆ?"

"ಮಕ್ಕಳಿಗೆ ಬೇಕಿತ್ತು."

ಲೆಕ್ಕ ಕಲಿಸುವುದಕ್ಕೆ ಇರಬೇಕು ಎಂದುಕೊಂಡು ಅಮ್ಮ ಮೊರದ ತುಂಬ ಕೊಟ್ಟಳು. ಯಾಕೆಂದು ಇನ್ನೊಂದು ಮಾತು ಕೇಳಿದ್ದರೆ ಅವಳೇ ತಡೆಯುತ್ತಿದ್ದಳು.

ತಡೆಯುವುದಕ್ಕೆ ಕಾರಣವಿತ್ತು. ನಮ್ಮೂರಿನಲ್ಲಿ ಪ್ರತಿ ಮನೆಯ ಜಗಲಿ ಗೂಡಿನಲ್ಲೂ ಒಂದು ಕುಡಿಕೆ ಇರುತ್ತಿತ್ತು. ಒಬ್ಬರ ದನ ಮೇಕೆ ಇನ್ನೊಬ್ಬರ ಬೆಳೆಗೆ ನುಗ್ಗಿದರೆ, ಹೊಲ ಕಾಯುವ ಪಾಪಯ್ಯ ಬಂದು ದನದವರ ಕುಡಿಕೆಗೆ ಒಂದು ಹುಣಿಸೆಬೀಜ ಹಾಕುತ್ತಿದ್ದ. ಸುಮ್ಮನೆ ಹಾಕುವಂತಿರಲಿಲ್ಲ. ಯಾವ ಹೊಲ, ಏನು ಮೇಯ್ತು ಎಂದು ಮನೆಯವರ ಮುಂದೆ ನಿಂತು ಹೇಳಿಯೇ ಹಾಕಬೇಕು. ಸುಗ್ಗಿಯಲ್ಲಿ ಬೀಜಕ್ಕೊಂದು ಸೇರು ರಾಗಿ ಹೊಲದವರಿಗೆ ಅಳೆದುಕೊಡಬೇಕು. ಹೊಲದವರೇ ಬೇಲಿ ಕಟ್ಟದೆ ಸಂದು ಬಿಟ್ಟಿದ್ದರೆ ಮಾತ್ರ ಆ ಬೀಜ ಬೇಲಿಯವರ ಕುಡಿಕೆಗೇ ಹೋಗುತ್ತಿತ್ತು. ಹೀಗೆ ನಮ್ಮೂರಿನವರಿಗೆ ಮನೆಗೆ ಬೀಜ ಬಂತೆಂದರೆ ತಪ್ಪು ಬಂತೆಂದೇ ಅರ್ಥ. ಶಿವಗಂಗೆ ಕಡೆಯವರಿಗೆ ಇದೆಲ್ಲಿ ಗೊತ್ತು?

ಆ ಶನಿವಾರ ಮೇಷ್ಟ್ರು ಒಂದೊಂದು ಮಗುವನ್ನೂ ಕರೆದು, ಅದಕ್ಕೆ ಬಂದ ನಂಬರಿನಷ್ಟು ಬೀಜವನ್ನು ಬಟ್ಟೆಯ ಸೆರಗಿಗೆ ಗಂಟು ಹಾಕಿ ಕಳಿಸಿದರು. ಎಲ್ಲರಿಗಿಂತ ಹೆಚ್ಚು ಬೀಜ ಸಿಕ್ಕಿದ್ದು ಅಪ್ಪಯ್ಯಣ್ಣನ ಮಗಳು ಲಕ್ಕಮ್ಮನಿಗೆ, ಒಂಬತ್ತು. ಎಲ್ಲರಿಗಿಂತ ಕಮ್ಮಿ ಬೈರಮ್ಮನ ಮಗ ಪಿಳ್ಳಪ್ಪನಿಗೆ, ಎರಡು.

ಬೈರಮ್ಮ ಆವತ್ತು ಬೆಲ್ಲ ಹಾಕಿ ಪಾಯಸ ಮಾಡಿದಳು. "ಇಡೀ ತಿಂಗ್ಳು ಎರಡೇ ತಪ್ಪು ಕಣಕ್ಕ ನನ್ನ ಮಗಂದು," ಎಂದು ನಮ್ಮ ಮನೆಗೂ ಒಂದು ಲೋಟ ತಂದುಕೊಟ್ಟಳು.

ಅಪ್ಪಯ್ಯಣ್ಣನ ಮನೆಯಲ್ಲಿ ಬೇರೆ ನಡೆಯಿತು. ಅಪ್ಪಯ್ಯಣ್ಣ ಬಿರುಸಿನ ಮನುಷ್ಯನೇನಲ್ಲ, ಆದರೆ ಆಡಿದ ಮಾತು ಮೀರುವವನಲ್ಲ. ಮಗಳನ್ನು ಸ್ಕೂಲಿಗೆ ಹಾಕುವಾಗಲೇ ಹೇಳಿದ್ದ, "ಓದು ಹತ್ತಿದ್ರೆ ಹತ್ಲಿ. ಹತ್ತಲಿಲ್ಲ ಅಂತ ಗೊತ್ತಾದ ದಿನ ಮೇಕೆ ಹಿಂದೆ ಹೋಗ್ಬೇಕು." ಲಕ್ಕಮ್ಮನಿಗೆ ಆಗ ಹತ್ತು ವರ್ಷವಿರಬಹುದು. ಓದು ಎಂದರೆ ಅವಳಿಗೆ ಪ್ರಾಣ. ಗಂಟು ಬಿಚ್ಚಿ ಬೀಜಗಳನ್ನು ಅಪ್ಪನ ಮುಂದೆ ಹರಡಿದಳು.

"ಹತ್ತಕ್ಕೆ ಒಂಬತ್ತು ಅಪ್ಪ," ಎಂದಳು ಮೆಲ್ಲಗೆ.

"ಹತ್ತೂ ಆಗ್ದೆ ಇದ್ದದ್ದೇ ನಮ್ಮ ಪುಣ್ಯ," ಎಂದ ಅಪ್ಪಯ್ಯಣ್ಣ.

"ಜಾಸ್ತಿ ಬಂದ್ರೆ ಒಳ್ಳೇದಂತೆ ಅಪ್ಪ."

"ಒಳ್ಳೇದಾದ್ರೆ ಬೀಜ ಯಾಕೆ ಕಳಿಸ್ತಾರಮ್ಮ? ಬೆಲ್ಲ ಕಳಿಸ್ತಿದ್ರು."

ಹೊಡೆಯಲಿಲ್ಲ, ಬಯ್ಯಲಿಲ್ಲ. ಅವಳ ಸ್ಲೇಟನ್ನು ಗೋಡೆಯ ಗೂಟಕ್ಕೆ ನೇತುಹಾಕಿ ಮೇಕೆಯ ಹಗ್ಗವನ್ನು ಕೈಗೆ ಕೊಟ್ಟ.

ಸೋಮವಾರ ಸ್ಕೂಲಿನಲ್ಲಿ ಐದು ಮಕ್ಕಳಿಲ್ಲ. ಐವರೂ ಚೆನ್ನಾಗಿ ಓದುವವರು. "ರಾಗಿ ಕುಯ್ಲಲ್ವಾ, ಅದಕ್ಕೆ ಬಿಡಿಸ್ಕೊಂಡವರೆ," ಎಂದುಕೊಂಡರು ಮೇಷ್ಟ್ರು. ಆದರೆ ಕುಯ್ಲು ಎಲ್ಲರ ಮನೆಯಲ್ಲೂ ಇತ್ತು. ಪಿಳ್ಳಪ್ಪ ಮಾತ್ರ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಎಲ್ಲರಿಗಿಂತ ಮುಂದೆ ಬಂದು ಕೂತಿದ್ದ.

ಸ್ಕೂಲಿನ ಹಿಂದೆ ಒಂದು ಹಳ್ಳ, ಹಳ್ಳದ ಪಕ್ಕ ಪಟೇಲರ ಅವರೆ ಹೊಲ. ಮೇಕೆಗೆ ಮೇವಿರುವುದು ಕೆರೆ ಹಿಂದಿನ ದಿಣ್ಣೆಯಲ್ಲಿ. ಲಕ್ಕಮ್ಮ ಅಲ್ಲಿಗೆ ಹೋಗದೆ ದಿನವೂ ಹಳ್ಳಕ್ಕೇ ಮೇಕೆ ಹೊಡೆದುಕೊಂಡು ಬರುತ್ತಿದ್ದಳು. ಕಿಟಕಿಯ ಕೆಳಗೆ ನಿಂತರೆ ಮೇಷ್ಟ್ರ ಗಂಟಲು ನಿಚ್ಚಳವಾಗಿ ಕೇಳಿಸುತ್ತಿತ್ತು. ಅವಳು ಕೇಳುತ್ತ ನಿಂತರೆ ಮೇಕೆಗಳು ಅವರೆ ಹೊಲಕ್ಕೆ ಬೀಳುತ್ತಿದ್ದವು. ಪಾಪಯ್ಯ ತನ್ನ ಕೆಲಸ ತಾನು ಮಾಡಿದ. ಅಪ್ಪಯ್ಯಣ್ಣನ ಕುಡಿಕೆಯಲ್ಲಿ ಬೀಜ ಏರತೊಡಗಿತು.

ಒಂದು ಸಂಜೆ ನಮ್ಮ ಮನೆಯ ಮುಂದೆಯೇ ಅಪ್ಪಯ್ಯಣ್ಣ ಪಾಪಯ್ಯನನ್ನು ತಡೆದು ನಿಲ್ಲಿಸಿದ.

"ಏನಪ್ಪಾ, ನಿಂಗೆ ನಮ್ಮನೆ ಕುಡಿಕೆ ಒಂದೇ ಕಾಣ್ಸೋದಾ?"

"ನಿಮ್ಮನೆ ಮೇಕೆಗೆ ಪಟೇಲರ ಹೊಲ ಒಂದೇ ಕಾಣ್ಸೋದು ಅಣ್ಣ. ನಾನೇನು ಮಾಡ್ಲಿ?"

"ಏನು ಹಣೆಬರಹನೋ ಆ ಮಗಿಂದು. ಇಸ್ಕೂಲಿಗೆ ಕಳಿಸಿದ್ರೂ ಬೀಜ, ಮೇಕೆಗೆ ಕಳಿಸಿದ್ರೂ ಬೀಜ."

ಒಳಗೆ ಉಣ್ಣುತ್ತಿದ್ದ ಮೇಷ್ಟ್ರು ಕೈ ತೊಳೆಯದೆ ಹಾಗೇ ಎದ್ದು ಬಂದರು. "ಇಸ್ಕೂಲಿನ ಬೀಜಕ್ಕೂ ಮೇಕೆ ಬೀಜಕ್ಕೂ ಏನಣ್ಣ ಸಂಬಂಧ?"

ಪಾಪಯ್ಯ ಮೇಷ್ಟ್ರ ಮುಖ ನೋಡಿದ, ಅಪ್ಪಯ್ಯಣ್ಣನ ಮುಖ ನೋಡಿದ. ಅವನಿಗೆ ಎಲ್ಲ ಒಟ್ಟಿಗೇ ಹೊಳೆಯಿತು. ಜಗಲಿ ಹಿಡಿದುಕೊಂಡು ನಗುವುದಕ್ಕೆ ಶುರು ಮಾಡಿದ. "ಸ್ವಾಮಿ, ನನ್ನ ಕಸುಬು ನೀವ್ಯಾಕೆ ಹಿಡಿಯೋಕೆ ಹೋದ್ರಿ?" ಎಂದು ಊರಿನ ಕುಡಿಕೆಯ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದ.

ಮೇಷ್ಟ್ರು ಎಂಜಲು ಕೈಯಲ್ಲೇ ನಿಂತು ಕೇಳಿದರು. ಆಮೇಲೆ, "ಅಪ್ಪಯ್ಯಣ್ಣ, ಒಂಬತ್ತು ಅಂದ್ರೆ ಒಂಬತ್ತು ಒಪ್ಪು. ನಿನ್ನ ಮಗಳೇ ಇಡೀ ಸ್ಕೂಲಿಗೆ ಮುಂದು. ನಾಳೆಯಿಂದ ಕಳಿಸು," ಎಂದರು.

ಅಪ್ಪಯ್ಯಣ್ಣ ತಲೆ ಆಡಿಸಿದ. "ಮೊನ್ನೆ ತಪ್ಪು, ಇವತ್ತು ಒಪ್ಪು. ಮಕ್ಳು ಕಮ್ಮಿಯಾದ್ರೆ ಇನ್ಸ್‌ಪೆಟ್ರು ಇಸ್ಕೂಲು ಮುಚ್ತಾರೆ ಅಂತ ನಮಗೂ ಗೊತ್ತು ಸ್ವಾಮಿ. ಅದಕ್ಕೆ ಮಾತು ತಿರುಗಿಸ್ತಾ ಇದ್ದೀರಿ."

ಅಷ್ಟರಲ್ಲಿ ಬೈರಮ್ಮನೂ ಬಂದಳು. "ಅಂಗಾದ್ರೆ ನನ್ನ ಮಗಂದು ಎರಡು ಕೆಟ್ಟದ್ದಾಯ್ತೋ? ಪಾಯಸ ಮಾಡಿ ಇಕ್ಕಿದೀನಿ ಕಣಪ್ಪ. ಇವಾಗ ಏನು ಮಾಡೋದು, ಕಕ್ಸೋದಾ?"

ಮೇಷ್ಟ್ರು ಒಳಗೆ ಬಂದು ಆರಿದ ಮುದ್ದೆಯ ಮುಂದೆ ಕೂತರು. ಅಮ್ಮ ಸಾರು ಬಿಸಿ ಮಾಡಿ ಬಡಿಸುತ್ತ ಹೇಳಿದಳು, "ಊರಿನ ಲೆಕ್ಕ ತಿರುಗಿಸೋಕೆ ನಿಮ್ಮ ಕೈಲಿ ಆಗಲ್ಲ ಸ್ವಾಮಿ. ನಿಮ್ಮ ಲೆಕ್ಕ ತಿರುಗಿಸಿ. ಬೀಜ ಅಂದ್ರೆ ತಪ್ಪು ಅಂತ್ಲೇ ಇಟ್ಕಳಿ."

ಅವರು ಒಂದೆರಡು ತುತ್ತು ನುಂಗಿ, "ಲಕ್ಕಮ್ಮಂಗೆ ಒಂದು, ಪಿಳ್ಳಪ್ಪಂಗೆ ಎಂಟು," ಎಂದರು.

"ಬರೀ ಅಷ್ಟಂದ್ರೆ ಆಗಲ್ಲ. ಪಾಪಯ್ಯ ಯಾವ ಹೊಲ ಅಂತ ಹೇಳ್ದೆ ಬೀಜ ಹಾಕಲ್ಲ. ನೀವೂ ಹೇಳ್ಬೇಕು."

ಇದೇ ಅವರಿಗೆ ಕಷ್ಟವಾದದ್ದು. ಎರಡು ಎಂದು ನಂಬರು ಹಾಕುವುದು ಸುಲಭ, ಉಳಿದ ಎಂಟು ಏನೇನು ಎಂದು ಹೇಳುವುದಕ್ಕೆ ಕೂತರೆ ಹೊಳೆಯದು. ಆ ತಿಂಗಳ ಕೊನೆಯ ಶನಿವಾರದವರೆಗೂ ಊಟ ಮಾಡುವಾಗ, ನೀರು ಸೇದುವಾಗ, ಬೆರಳು ಮಡಿಸಿಕೊಂಡು ತಮಗೆ ತಾವೇ ಮಾತಾಡಿಕೊಳ್ಳುತ್ತಿದ್ದರು. "ಏಳರ ಮಗ್ಗಿ ದಾಟಿದ್ರೆ ತಪ್ತಾನೆ, ಒಂದು. ಒತ್ತಕ್ಷರ ನುಂಗ್ತಾನೆ, ಎರಡು. ಪಕ್ಕದವನ ಸ್ಲೇಟು ನೋಡ್ತಾನೆ, ಮೂರು." ಪಿಳ್ಳಪ್ಪನಲ್ಲಿ ಎಷ್ಟು ಹುಡುಕಿದರೂ ಆರಕ್ಕಿಂತ ಹೆಚ್ಚು ತಪ್ಪು ಸಿಗಲಿಲ್ಲ. "ಹೋದ ಸಲ ಎರಡು ನಂಬರು ಸುಮ್ಮನೆ ಕಳೆದಿದ್ದೆ ಅಂತಾಯ್ತು," ಎಂದು ಎಂಟರಲ್ಲಿ ಎರಡು ಬೀಜ ತೆಗೆದಿಟ್ಟರು.

ಮನೆಯಲ್ಲಿ ಉಳಿದ ಮಕ್ಕಳನ್ನು ಅವರವರ ಕಣದ ಬಳಿ ಹೋಗಿ ಪರೀಕ್ಷೆ ಮಾಡಿದರು. ಲಕ್ಕಮ್ಮನನ್ನು ಹಳ್ಳದಲ್ಲಿ. ಅಷ್ಟು ಹೊತ್ತು ಮೇಕೆಗಳನ್ನು ಪಾಪಯ್ಯ ನೋಡಿಕೊಂಡ. ಮೇಷ್ಟ್ರು ಮರಳಿನ ಮೇಲೆ ಬರೆಸಿದರು, ಓದಿಸಿದರು, ಲೆಕ್ಕ ಕೇಳಿದರು. ಎಲ್ಲ ಸರಿ. ಆದರೆ ಒಂದೊಂದು ಉತ್ತರಕ್ಕೂ ಅವರು ಕಿವಿಯನ್ನು ಅವಳ ಬಾಯಿಯ ಹತ್ತಿರ ತರಬೇಕಾಯಿತು.

ಶನಿವಾರ ಸಂಜೆ ಮೇಷ್ಟ್ರೂ ಪಾಪಯ್ಯನೂ ಜೊತೆಯಾಗಿ ಮನೆಮನೆಗೂ ಹೊರಟರು. ಬೀಜ ಪಾಪಯ್ಯನ ಚೀಲದಲ್ಲಿ, ಮಾತು ಮೇಷ್ಟ್ರದು. ಈಗ ಜನ ಮಜ್ಜಿಗೆ ಕೊಟ್ಟು ಕಳಿಸಲಿಲ್ಲ. ಒಂದೊಂದು ಬೀಜಕ್ಕೂ ನಿಂತು ಜಗಳವಾಡಿದರು. ಬೈರಮ್ಮ ಆರೂ ಬೀಜದ ವಿವರ ಕೇಳಿ, ಮೂರನೆಯದಕ್ಕೆ ಮಗನ ಕಿವಿ ಹಿಡಿದಳು. "ಸ್ಲೇಟು ನೋಡ್ತೀಯೇನ್ಲಾ? ಕಕ್ಕು ನನ್ನ ಪಾಯಸನ." ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಮಗ್ಗೀದು ನಾನು ನೋಡ್ಕತೀನಿ. ಒತ್ತಕ್ಷರದ್ದು ನಂಗೆ ತಿಳಿಯಲ್ಲ, ಅದು ನೀವು ನೋಡಿ," ಎಂದು ಭಾಗ ಮಾಡಿಕೊಂಡಳು.

ಕೊನೆಗೆ ಅಪ್ಪಯ್ಯಣ್ಣನ ಮನೆ. ಅವನು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಲಕ್ಕಮ್ಮ ಬಾಗಿಲ ಹಿಂದೆ. ಪಾಪಯ್ಯ ಒಂದು ಬೀಜ ಮುಂದೆ ಹಿಡಿದ.

"ಒಂದೇನಾ?" ಅಪ್ಪಯ್ಯಣ್ಣನ ಕೈ ನಿಂತಿತು. "ಹೋದ ಸಲ ಒಂಬತ್ತು, ಈ ಸಲ ಒಂದು. ನಾನು ಹೇಳ್ಲಿಲ್ವಾ, ತಿರುಗಿಸ್ತಾ ಇದ್ದೀರಿ ಅಂತ?"

"ಯಾವ ಹೊಲ ಅಂತ ಕೇಳಣ್ಣ ಮೊದ್ಲು," ಎಂದ ಪಾಪಯ್ಯ.

"ಹೇಳಿ. ಯಾವ ಹೊಲದ್ದು?"

ಮೇಷ್ಟ್ರು ಹೇಳಿದರು, "ಓದು ಸರಿ. ಬರವಣಿಗೆ ಸರಿ. ಲೆಕ್ಕದಲ್ಲಿ ನನ್ನೇ ಹಿಡೀತಾಳೆ. ಆದ್ರೆ ಏನು ಕೇಳಿದ್ರೂ ಬಾಯೊಳಗೇ ಹೇಳ್ತಾಳೆ. ಪಕ್ಕದಲ್ಲಿ ಕೂತಿರೋರಿಗೂ ಕೇಳಿಸಲ್ಲ. ಇನ್ಸ್‌ಪೆಕ್ಟರ ಮುಂದೆ ಹಿಂಗೇ ನಿಂತ್ರೆ ಏನೂ ಬರಲ್ಲ ಅಂತ ಬರ್ಕೊಂಡು ಹೋಗ್ತಾರೆ. ಅದಕ್ಕೇ ಈ ಬೀಜ."

ಅಪ್ಪಯ್ಯಣ್ಣ ಹಗ್ಗವನ್ನು ಪಕ್ಕಕ್ಕಿಟ್ಟ. ಮಗಳ ಈ ಗುಣ ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯದು. ಹೆಣ್ಣುಮಗುವಿನ ದನಿ ಹೊಸ್ತಿಲು ದಾಟಬಾರದೆಂದು, ಅವಳು ತೊದಲು ಮಾತಾಡುವಾಗಿನಿಂದ ಗದರಿಸಿಕೊಂಡು ಬಂದವನು ಅವನೇ. ಇಷ್ಟು ನೋಡಿದ ಮನುಷ್ಯ ಉಳಿದದ್ದನ್ನೂ ನೋಡಿಯೇ ಹೇಳಿರಬೇಕಲ್ಲ.

"ಪಾಪಯ್ಯ," ಎಂದ.

"ಏನಣ್ಣ?"

"ಬೇಲಿ ಕಟ್ದೆ ಇದ್ರೆ ಬೀಜ ಯಾರ ಕುಡಿಕೆಗೆ?"

"ಬೇಲಿಯೋರ ಕುಡಿಕೆಗೆ. ಅದೇನು ಹೊಸದಾ?"

"ಅಂಗಾದ್ರೆ ಇದು ಅವಳ್ದಲ್ಲ. ಬಾಯಿ ಮುಚ್ಕೊಂಡಿರು ಅಂತ ಹೇಳ್ಕೊಟ್ಟೋನು ನಾನು. ನನ್ನ ಲೆಕ್ಕಕ್ಕೆ ಹಾಕು."

ಬೀಜವನ್ನು ತಾನೇ ಇಸಿದುಕೊಂಡು ಸೊಂಟದ ಚೀಲಕ್ಕೆ ಹಾಕಿಕೊಂಡ. ಎದ್ದು ಹೋಗಿ ಗೂಟದಿಂದ ಸ್ಲೇಟು ತೆಗೆದು, ಧೂಳು ಒರೆಸಿ, ಬಾಗಿಲ ಹಿಂದಕ್ಕೆ ಚಾಚಿದ. ಒಳಗಿನಿಂದ ಒಂದು ಕೈ ಅದನ್ನು ತೆಗೆದುಕೊಂಡಿತು.

ಮಾರನೆಯ ದಿನದಿಂದ ಮೇಕೆಗಳು ಕೆರೆ ಹಿಂದಿನ ದಿಣ್ಣೆಗೆ ಹೋದವು, ಅಪ್ಪಯ್ಯಣ್ಣನ ಜೊತೆ. ಲಕ್ಕಮ್ಮನ ದನಿ ಮಾತ್ರ ಅಷ್ಟು ಸುಲಭಕ್ಕೆ ಬರಲಿಲ್ಲ. ಮುಂದಿನ ತಿಂಗಳೂ ಅದೇ ಬೀಜ ಬಂತು, ಅದರ ಮುಂದಿನ ತಿಂಗಳೂ. ಅಪ್ಪಯ್ಯಣ್ಣ ದಿನಾ ಸಂಜೆ ಕೊಟ್ಟಿಗೆಯಲ್ಲಿ ಕೂತು, ಮಗಳಿಗೆ ಮನೆ ಬಾಗಿಲಲ್ಲಿ ನಿಂತು ಮಗ್ಗಿ ಒಪ್ಪಿಸುವಂತೆ ಹೇಳುತ್ತಿದ್ದ. ಅವಳು ಹೇಳುವಳು. "ಕೇಳಿಸ್ಲಿಲ್ಲ," ಎನ್ನುವನು ಕೊಟ್ಟಿಗೆಯಿಂದ. ಮತ್ತೆ ಹೇಳುವಳು. "ಕೇಳಿಸ್ಲಿಲ್ಲ." ಅವನ ದನಿಯೊಂದೇ ಬೀದಿಗೆಲ್ಲ ಕೇಳುತ್ತಿತ್ತು. ಬರಬರುತ್ತ ಇವಳದೂ ಕೇಳತೊಡಗಿತು. ಹದಿಮೂರರ ಮಗ್ಗಿ ನಮ್ಮ ಅಡುಗೆಮನೆಯವರೆಗೆ ಬಂದ ದಿನ, ಮೇಷ್ಟ್ರು ತುತ್ತು ಕೈಯಲ್ಲೇ ಹಿಡಿದು ಕೊನೆಯವರೆಗೂ ಕೇಳಿಸಿಕೊಂಡು ಆಮೇಲೆ ಬಾಯಿಗಿಟ್ಟರು.

ಯುಗಾದಿ ಆದಮೇಲೆ ಇನ್ಸ್‌ಪೆಕ್ಟರು ಬಂದರು. ಲಕ್ಕಮ್ಮ ಎದ್ದು ನಿಂತು ಹೇಳಿದ್ದನ್ನು ಚಾವಡಿಯಲ್ಲಿ ಕೂತವರೂ ಕೇಳಿದರು. ಆ ತಿಂಗಳ ಶನಿವಾರ ಪಾಪಯ್ಯ ಅಪ್ಪಯ್ಯಣ್ಣನ ಜಗಲಿಗೆ ಬಂದು ಬರೀ ಅಂಗೈ ತೋರಿಸಿದ.

ಅಪ್ಪಯ್ಯಣ್ಣ ಅಂಗೈ ನೋಡಿದ, ಪಕ್ಕದಲ್ಲಿ ನಿಂತ ಮೇಷ್ಟ್ರನ್ನು ನೋಡಿದ.

"ಇನ್ನೊಂದ್ಸಲ ನೋಡೋ," ಎಂದ. "ನಿನ್ನ ಚೀಲದ ಮೂಲೇಲಿ ಎಲ್ಲಾದ್ರೂ ಸಿಕ್ಕೊಂಡಿರ್ತದೆ."